ಬೆಳ್ಳಿತೆರೆಯ ವಾನರರು

ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಜೀವವಿಕಾಸವನ್ನು ಕುರಿತು ಬರೆಯುವುದೆಂದು ಮೊದಲು ನಿಶ್ಚಯಿಸಿದ್ದೆ. ಅನೇಕ ವರ್ಷಗಳ ಕಾಲ ತರಗತಿಯಲ್ಲಿ ಬೋಧಿಸಿದ ವಿಷಯವದು. ಆದರೆ ಪಠ್ಯಪುಸ್ತಕದಲ್ಲಿರುವುದನ್ನೇ ಮತ್ತೆ ಬರೆದು ಹಳೆಯ ವಿದ್ಯಾರ್ಥಿಗಳನ್ನು ಎರಡನೆಯ ಸಲ ಬೆಂಚಿನ ಮೇಲೆ ಕೂರಿಸುವುದು ಬೇಡವೆನಿಸಿತು. ಅದೇ ಮನೆಯನ್ನು ಬೇರೊಂದು ಬಾಗಿಲಿನಿಂದ ಪ್ರವೇಶಿಸಬಹುದಲ್ಲವೇ ಎಂದು ಆಲೋಚಿಸಿದಾಗ ನೆನಪಿಗೆ ಬಂದದ್ದು ಚಲನಚಿತ್ರ. ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಹಾಲಿವುಡ್ಡಿನ ಚಿತ್ರಗಳ, ಅದರಲ್ಲಿಯೂ ಮಾತನಾಡುವ ಕಪಿಗಳ ಚಿತ್ರಗಳ ಪ್ರಸ್ತಾಪ ಉಚಿತವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಆ ಚಿತ್ರಗಳು ಎತ್ತುವ ಪ್ರಶ್ನೆ ನಮಗೆ ಅಪರಿಚಿತವಾದುದಲ್ಲ. ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುವುದು ಯಾವುದು? ಹುಟ್ಟೇ, ಕೈಕೆಲಸವೇ, ನುಡಿಯೇ, ನಡೆಯೇ?

ಮೊದಲಿಗೆ ಶಬ್ದದ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಕೋತಿ, ಮಂಗ, ಮುಸುವ ಎಂದು ನಮ್ಮಲ್ಲಿ ಹಲವು ಹೆಸರುಗಳಿದ್ದರೂ ಬಾಲವಿಲ್ಲದ ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳಿಗೆ ಅಚ್ಚಗನ್ನಡದಲ್ಲಿ ಹೆಸರಿಲ್ಲ. ನಮ್ಮ ಕಾಡುಗಳಲ್ಲಿ ಅವು ಇರಲಿಲ್ಲ. ಕಾಣದ ಪ್ರಾಣಿಗೆ ಹೆಸರಿಡುವವರಾರು? ಭಾರತದಲ್ಲಿ ಆ ವರ್ಗಕ್ಕೆ ಸೇರಿದ ಪ್ರಾಣಿಯೆಂದರೆ ಈಶಾನ್ಯದ ಅರಣ್ಯಗಳ ಹೂಲಾಕ್ ಗಿಬ್ಬನ್ ಮಾತ್ರ. ಆದುದರಿಂದ ಈ ಲೇಖನದಲ್ಲಿ ಅವುಗಳನ್ನೆಲ್ಲ ‘ವಾನರ’ ಎಂದು ಕರೆಯುತ್ತೇನೆ. ರಾಮಾಯಣದ ಕಪಿವೀರರನ್ನು ಅಪ್ಪಿಕೊಂಡು ಬೆಳೆದ ನಮಗೆ ಆ ಪದದಲ್ಲಿ ತಿರಸ್ಕಾರದ ಧ್ವನಿಯಿಲ್ಲ. ಪಾಶ್ಚಾತ್ಯರಿಗೆ ಹಾಗಲ್ಲ. ಡಾರ್ವಿನ್ನನ ತರುವಾಯ ಅವರ ಪಾಲಿಗೆ ವಾನರವೆಂದರೆ ಒಂದು ಅವಮಾನ, ಒಂದು ಭಯ. ಅವರ ಚಿತ್ರಗಳನ್ನು ನೋಡುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಆ ಭಯದ ಬೃಹದಾಕಾರವೇ ೧೯೩೩ರ ‘ಕಿಂಗ್ ಕಾಂಗ್’. ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್ಸಾಕ್ ನಿರ್ದೇಶಿಸಿದ ಈ ಚಿತ್ರದಲ್ಲಿ ಎಂಪೈರ್ ಸ್ಟೇಟ್ ಕಟ್ಟಡವನ್ನೇರಿ ವಿಮಾನಗಳೊಡನೆ ಸೆಣಸುವ ದೈತ್ಯ, ವಸ್ತುತಃ ಒಂದೂವರೆ ಅಡಿ ಎತ್ತರದ ಗೊಂಬೆ. ಲೋಹದ ಅಸ್ಥಿಪಂಜರ, ರಬ್ಬರಿನ ಸ್ನಾಯು, ಮೊಲದ ತುಪ್ಪಳದ ಚರ್ಮ. ವಿಲಿಸ್ ಓಬ್ರಿಯನ್ ಮತ್ತು ಆತನ ಸಹಾಯಕರು ಅದನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ಒಂದು ಕ್ಷಣದ ಚಲನೆಗೆ ೨೪ ಚಿತ್ರಗಳನ್ನು ತೆಗೆದರು. ಅವರ ಬೆರಳು ತಗುಲಿದೆಡೆಯಲ್ಲೆಲ್ಲ ಕಾಂಗನ ರೋಮ ಅಲುಗುವುದು ಇಂದಿಗೂ ತೆರೆಯ ಮೇಲೆ ಕಾಣುತ್ತದೆ. ನನಗಂತೂ ಆ ದೈತ್ಯನ ಗರ್ಜನೆಗಿಂತ, ಕಾಣದ ಕುಶಲಕರ್ಮಿಗಳ ಆ ಬೆರಳಿನ ಗುರುತೇ ಹೆಚ್ಚು ಪ್ರಿಯ.

ಆದರೆ ಈ ಚಿತ್ರ ಗೊರಿಲ್ಲಾಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ. ಬಾಲ್ಯದಲ್ಲಿ ಕೂಪರನ ಕಲ್ಪನೆಯನ್ನು ಕೆರಳಿಸಿದ್ದು ಪಾಲ್ ದು ಶೈಯು ಎಂಬ ಅನ್ವೇಷಕನ ಆಫ್ರಿಕಾ ಪ್ರವಾಸ ಗ್ರಂಥ. ೧೮೬೧ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಗೊರಿಲ್ಲಾ ಒಂದು ಘೋರ ರಾಕ್ಷಸ. ನಿಜವಾದ ಗೊರಿಲ್ಲಾವಾದರೋ ಎಲೆ, ಕಾಂಡ, ಹಣ್ಣುಗಳನ್ನು ತಿಂದು ಸಂಸಾರದೊಡನೆ ಬದುಕುವ, ಬಹುಮಟ್ಟಿಗೆ ಶಾಂತವಾದ ಪ್ರಾಣಿ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಪೋಲೋ ಎಂಬ ಗೊರಿಲ್ಲಾ ಇದ್ದುದನ್ನು ನಮ್ಮ ಹಲವು ವಿದ್ಯಾರ್ಥಿಗಳು ಬಲ್ಲರು. ಶೈಕ್ಷಣಿಕ ಪ್ರವಾಸದಲ್ಲಿ ಅವನ ಆವರಣದ ಮುಂದೆ ನಿಂತೊಡನೆ ಮಕ್ಕಳೆಲ್ಲ ಎದೆ ಬಡಿದುಕೊಂಡು ಕೂಗತೊಡಗಿದರು. ಅವರಲ್ಲಿ ಯಾರೂ ೧೯೩೩ರ ಚಿತ್ರವನ್ನು ಕಂಡವರಲ್ಲ. ಆದರೂ ಆ ಅಭಿನಯ ಎಲ್ಲಿಂದಲೋ ಅವರನ್ನು ತಲಪಿತ್ತು. ಪೋಲೋ ಅವರತ್ತ ಬೆನ್ನು ಮಾಡಿ ಒಂದು ಹುಲ್ಲಿನ ಎಸಳನ್ನು ಬೆರಳುಗಳ ನಡುವೆ ಹೊರಳಿಸುತ್ತ ಕುಳಿತಿದ್ದ. ಜೊತೆಗಾತಿಯಿಲ್ಲದೆಯೇ ಬಾಳಿದ ಆತ ೨೦೧೪ರಲ್ಲಿ ತೀರಿಕೊಂಡ. ೨೦೨೧ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾಗಳು ಅಲ್ಲಿಗೆ ಬಂದವು.

ವಾನರ ಚಿತ್ರಗಳ ಇತಿಹಾಸದಲ್ಲಿ ೧೯೬೮ ಒಂದು ವಿಶೇಷ ವರ್ಷ. ಸ್ಟಾನ್ಲಿ ಕ್ಯೂಬ್ರಿಕ್ ಅವರ ‘೨೦೦೧: ಎ ಸ್ಪೇಸ್ ಒಡಿಸ್ಸಿ’ ಮತ್ತು ಫ್ರಾಂಕ್ಲಿನ್ ಶಾಫ್ನರ್ ಅವರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಎರಡೂ ಆ ವರ್ಷವೇ ತೆರೆ ಕಂಡವು. ಮೊದಲನೆಯದರ ಕಥನದಲ್ಲಿ ಕ್ಯೂಬ್ರಿಕ್ ಅವರಿಗೆ ಜೊತೆಯಾಗಿದ್ದವರು ಆಗಲೇ ಸಿಂಹಳವನ್ನು ಮನೆಯಾಗಿ ಮಾಡಿಕೊಂಡಿದ್ದ ಲೇಖಕ ಆರ್ಥರ್ ಕ್ಲಾರ್ಕ್. ಚಿತ್ರದ ಆರಂಭದ ಭಾಗದಲ್ಲಿ ಮಾತಿಲ್ಲ. ಬರಗಾಲದ ಆಫ್ರಿಕಾ, ಹಸಿದ ಕಪಿಮಾನವರ ಒಂದು ಗುಂಪು, ನೀರಿನ ಹೊಂಡಕ್ಕಾಗಿ ಇನ್ನೊಂದು ಗುಂಪಿನೊಡನೆ ಕಿರುಚಾಟ, ಚಿರತೆಯ ದಾಳಿ. ಒಂದು ಬೆಳಗು ಎಲ್ಲಿಂದಲೋ ಬಂದ ಕಪ್ಪು ಚಪ್ಪಡಿಯೊಂದು ಎದುರಿಗೆ ನಿಂತಿರುತ್ತದೆ. ಅನಂತರ ಗುಂಪಿನ ನಾಯಕ ಸತ್ತ ಪ್ರಾಣಿಯ ಮೂಳೆಯೊಂದನ್ನು ಕೈಗೆತ್ತಿಕೊಂಡು ಮೆಲ್ಲನೆ ಕುಟ್ಟುತ್ತಾನೆ, ಜೋರಾಗಿ ಕುಟ್ಟುತ್ತಾನೆ, ಬೇಟೆಯಾಡುತ್ತಾನೆ. ಕೊನೆಗೆ ಎದುರಾಳಿ ಗುಂಪಿನವನೊಬ್ಬನನ್ನು ಬಡಿದು ಕೊಲ್ಲುತ್ತಾನೆ. ವಿಜಯೋತ್ಸಾಹದಲ್ಲಿ ಆಕಾಶಕ್ಕೆ ಎಸೆದ ಆ ಮೂಳೆ ತಿರುಗುತ್ತ ಕೆಳಗಿಳಿಯುವಷ್ಟರಲ್ಲಿ ದೃಶ್ಯ ಬದಲಾಗಿ ಬಾಹ್ಯಾಕಾಶದಲ್ಲಿ ತೇಲುವ ಯಂತ್ರವಾಗುತ್ತದೆ. ಲಕ್ಷಾಂತರ ವರ್ಷಗಳ ಮಾನವ ಚರಿತ್ರೆಯನ್ನು ಅಷ್ಟರಲ್ಲಿ ದಾಟಿಬಿಟ್ಟ ಇನ್ನೊಂದು ದೃಶ್ಯವನ್ನು ನಾನು ಕಂಡಿಲ್ಲ.

ದೃಶ್ಯ ಅದ್ಭುತ, ಅದರ ಹಿಂದಿನ ವಿಜ್ಞಾನವನ್ನು ಮಾತ್ರ ಅಧ್ಯಾಪಕನಾದವನು ಪರೀಕ್ಷಿಸದೆ ಬಿಡಲಾರ. ದಕ್ಷಿಣ ಆಫ್ರಿಕದ ತೌಂಗ್ ಎಂಬಲ್ಲಿ ೧೯೨೪ರಲ್ಲಿ ದೊರೆತ ಶಿಶುವಿನ ಕಪಾಲವನ್ನು ರೇಮಂಡ್ ಡಾರ್ಟ್ ಅವರು ಮಾನವನ ಪೂರ್ವಜರ ಬಳಗಕ್ಕೆ ಸೇರಿದುದೆಂದು ಗುರುತಿಸಿ ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಅವರ ಹಿರಿಮೆ. ಆದರೆ ಮುಂದೆ ಅವರು ಆ ಪೂರ್ವಜರನ್ನು ಮೂಳೆಯ ಆಯುಧ ಹಿಡಿದ ಕೊಲೆಗಾರ ವಾನರರೆಂದು ವರ್ಣಿಸಿದರು. ರಾಬರ್ಟ್ ಆರ್ಡ್ರಿ ೧೯೬೧ರ ತಮ್ಮ ಗ್ರಂಥದಲ್ಲಿ ಈ ವಾದವನ್ನು ಲೋಕಪ್ರಿಯಗೊಳಿಸಿದರು. ಕೊಲೆಯಿಂದಲೇ ಮನುಷ್ಯನ ಉಗಮ ಎಂಬ ಆ ವಾದವೇ ಕ್ಯೂಬ್ರಿಕ್ ಚಿತ್ರದ ತಳಹದಿ. ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ವರ್ಷಗಟ್ಟಲೆ ಅಗೆದ ಬ್ರೇನ್ ಎಂಬ ವಿಜ್ಞಾನಿ ಬೇರೆಯೇ ಕಥೆಯನ್ನು ಕಂಡರು. ಅಲ್ಲಿ ದೊರೆತ ಎಳೆಯ ಕಪಾಲವೊಂದರಲ್ಲಿದ್ದ ಎರಡು ರಂಧ್ರಗಳು ಚಿರತೆಯ ಕೋರೆಹಲ್ಲುಗಳಿಗೆ ಸರಿಯಾಗಿ ಹೊಂದಿಕೊಂಡವು. ಆ ಪೂರ್ವಜರು ಬೇಟೆಗಾರರಲ್ಲ, ಬೇಟೆಯಾದವರು ಎಂದು ಅವರು ೧೯೮೧ರ ಗ್ರಂಥದಲ್ಲಿ ವಿವರವಾಗಿ ವಾದಿಸಿದರು. ತೌಂಗಿನ ಶಿಶುವನ್ನು ಕೂಡ ಹದ್ದಿನ ಜಾತಿಯ ದೊಡ್ಡ ಹಕ್ಕಿಯೊಂದು ಹೊತ್ತೊಯ್ದಿರಬೇಕೆಂಬ ಅಭಿಪ್ರಾಯ ೧೯೯೫ರಲ್ಲಿ ಮಂಡಿತವಾಯಿತು. ಎಂದ ಮೇಲೆ, ಆ ಚಿತ್ರದಲ್ಲಿ ಮೂಳೆ ಹಿಡಿದ ನಾಯಕನಿಗಿಂತ, ಮೊದಲಲ್ಲಿ ಸರಕ್ಕನೆ ನೆಗೆದು ಬಂದು ಒಬ್ಬನನ್ನು ಕೆಡವುವ ಚಿರತೆಯೇ ಸತ್ಯಕ್ಕೆ ಹತ್ತಿರ!

ಉಪಕರಣವೆಂಬುದು ಆಯುಧವಾಗಿಯೇ ಹುಟ್ಟಿತೇ ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಟಾಂಗನೀಕದ ಗೊಂಬೆ ಅರಣ್ಯದಲ್ಲಿ ೧೯೬೦ರಲ್ಲಿ ಜೇನ್ ಗುಡಾಲ್ ಎಂಬ ಇಪ್ಪತ್ತಾರು ವಯಸ್ಸಿನ ಮಹಿಳೆ ಕಂಡದ್ದು ಇಷ್ಟು: ಚಿಂಪಾಂಜಿಯೊಂದು ಹುಲ್ಲಿನ ಕಡ್ಡಿಯನ್ನು ಗೆದ್ದಲ ಹುತ್ತದೊಳಗೆ ಇಳಿಬಿಟ್ಟು, ಅದಕ್ಕೆ ಕಚ್ಚಿಕೊಂಡು ಬಂದ ಗೆದ್ದಲನ್ನು ತಿನ್ನುತ್ತಿತ್ತು. ಮುಂದೆ ಚಿಂಪಾಂಜಿಗಳು ಎಲೆಯುಳ್ಳ ಟೊಂಗೆಯನ್ನು ಮುರಿದು, ಎಲೆ ಸವರಿ ಕಡ್ಡಿಯನ್ನು ಸಿದ್ಧಪಡಿಸಿಕೊಳ್ಳುವುದನ್ನೂ ಕಂಡರು. ಉಪಕರಣ ತಯಾರಿಸುವವನೇ ಮನುಷ್ಯ ಎಂಬ ಹಳೆಯ ವ್ಯಾಖ್ಯೆ ಅಲ್ಲಿಗೆ ಮುರಿಯಿತು. ಕಾಯಕವನ್ನು ದೊಡ್ಡದೆಂದು ಬಗೆಯುವ ನಮಗೆ, ಮೊದಲ ಉಪಕರಣ ಹೊಟ್ಟೆಪಾಡಿನ ಕಡ್ಡಿಯಾಗಿತ್ತೆಂದರೆ ಸಮಾಧಾನವಾಗುತ್ತದೆ. ಆದರೆ ಸಮಾಧಾನಕ್ಕಾಗಿ ಅರ್ಧ ಸತ್ಯವನ್ನು ಹೇಳಬಾರದು. ಅದೇ ಗೊಂಬೆಯಲ್ಲಿ ೧೯೭೪ರಿಂದ ೧೯೭೮ರವರೆಗೆ, ಒಂದೇ ಗುಂಪಿನಿಂದ ಒಡೆದುಹೋದ ಚಿಂಪಾಂಜಿಗಳನ್ನು ಉಳಿದವು ಒಂದೊಂದಾಗಿ ಹುಡುಕಿ ಕೊಂದದ್ದನ್ನೂ ಗುಡಾಲ್ ಅವರೇ ದಾಖಲಿಸಿದರು.

ಇನ್ನು ‘ಪ್ಲಾನೆಟ್ ಆಫ್ ದಿ ಏಪ್ಸ್’. ಇದಕ್ಕೆ ಆಧಾರ ಪಿಯೆರ್ ಬೂಲ್ ಎಂಬ ಫ್ರೆಂಚ್ ಲೇಖಕನ ೧೯೬೩ರ ಕಾದಂಬರಿ. ಮಲಯದ ರಬ್ಬರ್ ತೋಟಗಳಲ್ಲಿ ಕೆಲಸ ಮಾಡಿದ್ದ, ಮಹಾಯುದ್ಧದ ಕಾಲದಲ್ಲಿ ಇಂಡೋಚೀನದಲ್ಲಿ ಸೆರೆಸಿಕ್ಕಿ ಕಠಿಣ ದುಡಿಮೆಯ ಶಿಕ್ಷೆಗೊಳಗಾಗಿ ತಪ್ಪಿಸಿಕೊಂಡು ಬಂದಿದ್ದ ಬೂಲ್, ಯಜಮಾನ ಯಾರು, ಆಳು ಯಾರು ಎಂಬ ಸಂಬಂಧ ರಾತ್ರಿ ಬೆಳಗಾಗುವುದರೊಳಗೆ ತಲೆಕೆಳಗಾಗಬಹುದೆಂಬುದನ್ನು ಸ್ವತಃ ಕಂಡವನು. ಚಿತ್ರಕಥೆ ರಾಡ್ ಸರ್ಲಿಂಗ್ ಮತ್ತು ಮೈಕಲ್ ವಿಲ್ಸನ್ ಅವರದು. ಬಾಹ್ಯಾಕಾಶ ಯಾತ್ರಿಕ ಟೇಲರ್ ಯಾವುದೋ ಗ್ರಹದಲ್ಲಿ ಬಂದಿಳಿಯುತ್ತಾನೆ. ಅಲ್ಲಿ ವಾನರರು ಮಾತನಾಡುತ್ತಾರೆ, ಕುದುರೆಯೇರುತ್ತಾರೆ, ಶಾಸ್ತ್ರಚರ್ಚೆ ಮಾಡುತ್ತಾರೆ; ಮನುಷ್ಯರು ಮೂಕರಾಗಿ ಹೊಲಗಳಲ್ಲಿ ಮೇಯುತ್ತಾರೆ, ಬೇಟೆಗೀಡಾಗುತ್ತಾರೆ. ಗಂಟಲಿಗೆ ಗುಂಡು ತಗುಲಿ ಟೇಲರನ ಮಾತೂ ನಿಂತಿರುತ್ತದೆ. ಮಾತಿಲ್ಲವೆಂದ ಮೇಲೆ ಅವನೂ ಪಶುವೇ. ಕೊನೆಯಲ್ಲಿ ಸಮುದ್ರತೀರದ ಮರಳಿನಲ್ಲಿ ಅರ್ಧ ಹೂತ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ಕಂಡು, ಅದು ಅನ್ಯಗ್ರಹವಲ್ಲ, ಮನುಷ್ಯರೇ ನಾಶಮಾಡಿಕೊಂಡ ಭೂಮಿ ಎಂದು ಅವನು ಅರಿತು ಕುಸಿಯುತ್ತಾನೆ. ಮೂಲ ಕಾದಂಬರಿಯ ಮುಕ್ತಾಯ ಹೀಗಿಲ್ಲ. ಈ ಒಂದು ವಿಷಯದಲ್ಲಿ ಚಿತ್ರವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಚಿತ್ರದ ಅತ್ಯಂತ ಗಹನವಾದ ಪಾತ್ರ ಡಾಕ್ಟರ್ ಜೇಯಸ್ ಎಂಬ ಒರಾಂಗುಟಾನ್. ಆತ ಏಕಕಾಲಕ್ಕೆ ವಿಜ್ಞಾನ ಸಚಿವನೂ ಹೌದು, ಧರ್ಮದ ಪರಮ ರಕ್ಷಕನೂ ಹೌದು. ವಾನರರಿಗಿಂತ ಮೊದಲು ಇಲ್ಲಿ ಮನುಷ್ಯರ ನಾಗರಿಕತೆಯಿತ್ತೆಂದು ತೋರಿಸುವ ಗುಹೆಯನ್ನು ಕಾರ್ನೀಲಿಯಸ್ ಎಂಬ ಚಿಂಪಾಂಜಿ ವಿದ್ವಾಂಸ ಅಗೆದು ತೆರೆದರೆ, ಜೇಯಸ್ ಅದನ್ನು ಸ್ಫೋಟಿಸಿ ಮುಚ್ಚಿಸುತ್ತಾನೆ. ವಿಚಾರಣೆಯ ದೃಶ್ಯದಲ್ಲಿ ಮೂವರು ನ್ಯಾಯಾಧೀಶರು ಒಬ್ಬೊಬ್ಬರಾಗಿ ಕಣ್ಣು, ಕಿವಿ, ಬಾಯಿ ಮುಚ್ಚಿಕೊಳ್ಳುವುದು ನಗು ತರಿಸಿದರೂ ಅದರ ಹಿಂದೆ ನೋವಿನ ಚರಿತ್ರೆಯಿದೆ. ತೌಂಗ್ ಶಿಶುವಿನ ಸುದ್ದಿ ಪ್ರಕಟವಾದ ೧೯೨೫ರಲ್ಲಿಯೇ ಅಮೆರಿಕದ ಟೆನ್ನೆಸ್ಸೀ ಪ್ರಾಂತದಲ್ಲಿ ಜೀವವಿಕಾಸವನ್ನು ಬೋಧಿಸಿದ ಅಪರಾಧಕ್ಕೆ ಸ್ಕೋಪ್ಸ್ ಎಂಬ ಶಾಲಾ ಅಧ್ಯಾಪಕನಿಗೆ ನೂರು ಡಾಲರ್ ದಂಡ ವಿಧಿಸಲಾಗಿತ್ತು. ಚಿತ್ರಕಥೆ ಬರೆದ ವಿಲ್ಸನ್ ಸ್ವತಃ ರಾಜಕೀಯ ವಿಚಾರಣೆಯ ಬಲಿಪಶು. ೧೯೫೦ರ ದಶಕದಲ್ಲಿ ಆತನ ಹೆಸರು ತೆರೆಯ ಮೇಲೆ ಬರುವಂತಿರಲಿಲ್ಲ. ಬೂಲ್ ಅವರದೇ ಇನ್ನೊಂದು ಕಾದಂಬರಿಯನ್ನಾಧರಿಸಿದ ‘ಕ್ವಾಯ್ ನದಿಯ ಸೇತುವೆ’ಯ ಚಿತ್ರಕಥೆಯನ್ನು ವಿಲ್ಸನ್ ಮತ್ತು ಕಾರ್ಲ್ ಫೋರ್ಮನ್ ಬರೆದರು, ಆಸ್ಕರ್ ಪ್ರಶಸ್ತಿ ಬೂಲ್ ಹೆಸರಿಗೆ ಹೋಯಿತು. ಆ ಇಬ್ಬರಿಗೂ ಅದು ಸಂದದ್ದು ೧೯೮೪ರಲ್ಲಿ, ಅವರ ಮರಣದ ನಂತರ.

ಜೇಯಸ್‌ನನ್ನು ಖಳನೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಭಯ ಸುಳ್ಳಲ್ಲ. ಮನುಷ್ಯ ಭೂಮಿಯನ್ನು ಮರಳುಗಾಡು ಮಾಡಿದ್ದು ನಿಜವೆಂದು ಚಿತ್ರವೇ ಹೇಳುತ್ತದೆ. ಪ್ರಜೆಗಳ ಹಿತಕ್ಕಾಗಿ ಸತ್ಯವನ್ನು ಮುಚ್ಚಿಡಬಹುದು ಎಂಬುದೇ ಅವನ ಅಪರಾಧ. ಧರ್ಮಪೀಠವೂ ವಿದ್ಯಾಪೀಠವೂ ಒಂದೇ ಸೂರಿನಡಿಯಲ್ಲಿರುವ ಸಂಸ್ಥೆಯಲ್ಲಿ ದುಡಿದವನಿಗೆ ಈ ಪಾತ್ರ ಬೇರೆಯವರಿಗಿಂತ ಹೆಚ್ಚು ಹತ್ತಿರದಿಂದ ಮಾತನಾಡುತ್ತದೆ. ಡಾರ್ವಿನ್ನನ ಪಾಠ ನಡೆದ ಕೆಲವು ದಿನಗಳಲ್ಲಿ ಪೋಷಕರೊಬ್ಬರು ಮಗನನ್ನು ಕರೆದುಕೊಂಡು ಅಂದಿನ ಶ್ರೀಗಳವರ ಸನ್ನಿಧಿಗೆ ಬಂದು, “ಬುದ್ಧಿ, ನಮ್ಮ ಮಕ್ಕಳಿಗೆ ಮಂಗನಿಂದ ಹುಟ್ಟಿದಿರಿ ಅಂತ ಹೇಳಿಕೊಡ್ತಾರಲ್ಲ, ಇದು ಮಠದ ಶಾಲೆಗೆ ತರವೇ?” ಎಂದು ನಿವೇದಿಸಿಕೊಂಡರು. ಶ್ರೀಗಳು ನನ್ನನ್ನು ಕರೆಸಿದರು, ನನ್ನನ್ನೇನೂ ಕೇಳಲಿಲ್ಲ. ಹುಡುಗನನ್ನು ಹತ್ತಿರ ಕೂರಿಸಿಕೊಂಡು, ಕಲಿತದ್ದನ್ನು ಹೇಳು ಎಂದರು. ಇಂದಿನ ಕೋತಿಯಿಂದ ಮನುಷ್ಯ ಬಂದವನಲ್ಲ, ಇಬ್ಬರಿಗೂ ಬಹುಹಿಂದೆ ಒಂದೇ ಮೂಲವಿತ್ತು ಎಂಬುದನ್ನು ಹುಡುಗ ತೊದಲುತ್ತ ಹೇಳಿ ನಡುವೆ ತಡವರಿಸಿ ನಿಂತ. ಶ್ರೀಗಳು ನನ್ನ ಕಡೆ ತಿರುಗಿ, “ಮೇಷ್ಟ್ರೇ, ಹುಡುಗನಿಗೆ ಇನ್ನೂ ಪೂರ್ತಿ ಹಿಡಿದಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಇನ್ನೊಮ್ಮೆ ಪಾಠ ಮಾಡಿರಿ” ಎಂದಷ್ಟೇ ಅಪ್ಪಣೆ ಕೊಡಿಸಿದರು. ಪೋಷಕರು ಪ್ರಸಾದ ಸ್ವೀಕರಿಸಿ ಹೊರಟರು. ಆ ಹುಡುಗ ಮುಂದೆ ಪಶುವೈದ್ಯನಾದ.

ಈ ಚಿತ್ರದ ವಾನರ ಸಮಾಜದಲ್ಲಿ ಹುಟ್ಟಿನಿಂದಲೇ ವೃತ್ತಿ ನಿಗದಿ. ಒರಾಂಗುಟಾನರು ಶಾಸ್ತ್ರ ಮತ್ತು ಆಡಳಿತಕ್ಕೆ, ಗೊರಿಲ್ಲಾಗಳು ಸೈನ್ಯಕ್ಕೆ, ಚಿಂಪಾಂಜಿಗಳು ವಿದ್ಯೆಗೆ. ಇದನ್ನು ಕನ್ನಡ ನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಖವಾಡಗಳ ಶಿಲ್ಪಿ ಜಾನ್ ಚೇಂಬರ್ಸ್ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕೃತಕ ಅವಯವಗಳನ್ನು ಮಾಡಿಕೊಡುತ್ತಿದ್ದ ಕಸುಬುದಾರ. ಅವರ ಕೈಚಳಕಕ್ಕೆ ಅಕಾಡೆಮಿಯ ಗೌರವ ಪ್ರಶಸ್ತಿ ದೊರೆಯಿತು. ಆ ಬಣ್ಣ ಹಚ್ಚಲು ಗಂಟೆಗಟ್ಟಲೆ ಹಿಡಿಯುತ್ತಿದ್ದುದರಿಂದ ನಟರು ಮಧ್ಯಾಹ್ನದ ಊಟವನ್ನು ಮುಖವಾಡದಲ್ಲಿಯೇ ಮಾಡಬೇಕಾಗಿತ್ತು. ಆಗ ಯಾರೂ ಹೇಳದಿದ್ದರೂ ಗೊರಿಲ್ಲಾ ವೇಷದವರು ಗೊರಿಲ್ಲಾಗಳೊಡನೆ, ಚಿಂಪಾಂಜಿಗಳು ಚಿಂಪಾಂಜಿಗಳೊಡನೆ, ಒರಾಂಗುಟಾನರು ತಮ್ಮವರೊಡನೆ ಪ್ರತ್ಯೇಕವಾಗಿ ಕುಳಿತು ಉಣ್ಣುತ್ತಿದ್ದರೆಂದು ಅದರಲ್ಲಿ ಅಭಿನಯಿಸಿದವರೇ ನೆನೆದಿದ್ದಾರೆ. ಬೆಳಿಗ್ಗೆ ಹಚ್ಚಿಕೊಂಡು ಸಂಜೆ ಕಿತ್ತೆಸೆಯುವ ರಬ್ಬರಿನ ಮುಖ ಮಧ್ಯಾಹ್ನದೊಳಗೆ ಪಂಕ್ತಿಭೇದವನ್ನು ಹುಟ್ಟಿಸಿತು! ಪ್ರಸಾದ ನಿಲಯದಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡು ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳು, ಆ ಸಾಲನ್ನು ಹಾಗೆ ಉಳಿಸಿಕೊಂಡು ಬರಲು ಹಿರಿಯರು ಎಷ್ಟು ಎಚ್ಚರದಿಂದಿರಬೇಕಾಯಿತೆಂಬುದನ್ನು ಊಹಿಸಿಕೊಳ್ಳಬಹುದು.

೧೯೭೦ರಿಂದ ೧೯೭೩ರವರೆಗೆ ಬಂದ ನಾಲ್ಕು ಮುಂದುವರಿಕೆಗಳಲ್ಲಿ ೧೯೭೨ರ ಚಿತ್ರವೊಂದೇ ನೆನಪಿನಲ್ಲಿ ಉಳಿಯತಕ್ಕದ್ದು. ವಾನರ ಗುಲಾಮರ ಆ ದಂಗೆಯ ಹಿಂದೆ ೧೯೬೫ರಲ್ಲಿ ಲಾಸ್ ಏಂಜಲೀಸಿನ ಕಪ್ಪುಜನರ ಬಡಾವಣೆಯಲ್ಲಿ ಹೊತ್ತಿದ ಬೆಂಕಿಯ ಬೆಳಕಿದೆ. ೨೦೦೧ರ ಪುನರ್ನಿರ್ಮಾಣವನ್ನು ಬಣ್ಣಗಾರಿಕೆಗಾಗಿ ಒಮ್ಮೆ ನೋಡಬಹುದು, ಅಷ್ಟೇ.

೨೦೧೧ರಲ್ಲಿ ಆರಂಭವಾದ ಹೊಸ ಚಿತ್ರಮಾಲೆ ಹಾಗಲ್ಲ. ಇಲ್ಲಿ ರಬ್ಬರಿನ ಮುಖವಾಡವಿಲ್ಲ, ನಿಜವಾದ ಪ್ರಾಣಿಗಳೂ ಇಲ್ಲ. ಆಂಡಿ ಸರ್ಕಿಸ್ ಎಂಬ ನಟನ ಮುಖದ ಒಂದೊಂದು ಸ್ನಾಯುವಿನ ಚಲನೆಯನ್ನೂ ಕ್ಯಾಮೆರಾದಿಂದ ಹಿಡಿದು, ಗಣಕಯಂತ್ರದಲ್ಲಿ ಸೀಸರ್ ಎಂಬ ಚಿಂಪಾಂಜಿಯ ಮುಖಕ್ಕೆ ಅಳವಡಿಸಿದರು. ಸ್ಮೃತಿನಾಶದ ರೋಗಕ್ಕೆ ಔಷಧ ಹುಡುಕುವ ಪ್ರಯೋಗಾಲಯದಲ್ಲಿ ತಾಯಿಯನ್ನು ಕಳೆದುಕೊಂಡು ವಿಜ್ಞಾನಿಯ ಮನೆಯಲ್ಲಿ ಮಗುವಿನಂತೆ ಬೆಳೆದ ಸೀಸರ್, ಒಂದು ದಿನ ಪಂಜರಕ್ಕೆ ದೂಡಲ್ಪಡುತ್ತಾನೆ. ಹೊಡೆಯಲು ಎತ್ತಿದ ಕಾವಲುಗಾರನ ಕೈಯನ್ನು ಹಿಡಿದು ಅವನು ಮೊದಲ ಬಾರಿಗೆ ಮಾತನಾಡುತ್ತಾನೆ: “ಬೇಡ!” ಕೂಸಿನ ಮೊದಲ ನುಡಿ ಸಾಮಾನ್ಯವಾಗಿ ಅಮ್ಮ, ಗುಲಾಮನ ಮೊದಲ ನುಡಿ ನಿರಾಕರಣೆ.

ಇದು ಕೇವಲ ಕಲ್ಪನೆಯಲ್ಲ. ೧೯೭೩ರಲ್ಲಿ ಹುಟ್ಟಿದ ನಿಮ್ ಎಂಬ ಚಿಂಪಾಂಜಿಯನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ಅವರು ಭಾಷಾ ಪ್ರಯೋಗಕ್ಕಾಗಿ ನ್ಯೂಯಾರ್ಕಿನ ಮನೆಯೊಂದರಲ್ಲಿ ಮಕ್ಕಳ ನಡುವೆ ಬೆಳೆಸಿ ಕಿವುಡರ ಕೈಸನ್ನೆಯ ಭಾಷೆಯನ್ನು ಕಲಿಸಿದರು. ಭಾಷಾಶಾಸ್ತ್ರಜ್ಞ ನೋಮ್ ಚಾಮ್‌ಸ್ಕಿ ಅವರ ಹೆಸರನ್ನು ಅಣಕಿಸಿ ಇಟ್ಟ ಹೆಸರದು. ನಿಮ್ ಸನ್ನೆಗಳನ್ನು ಕಲಿತ; ವಾಕ್ಯಗಳನ್ನು ಕಟ್ಟಲಾರ ಎಂದು ಟೆರೇಸ್ ೧೯೭೯ರಲ್ಲಿ ಪ್ರಕಟಿಸಿದರು. ವಿಜ್ಞಾನದ ದೃಷ್ಟಿಯಿಂದ ಪ್ರಾಮಾಣಿಕವಾದ ತೀರ್ಮಾನವೇ. ಆದರೆ ಅನಂತರ ನಿಮ್ ಔಷಧ ಪರೀಕ್ಷೆಯ ಪ್ರಯೋಗಾಲಯವೊಂದರ ಪಂಜರ ಸೇರಿದ. ಜನರ ಪ್ರತಿಭಟನೆಯಿಂದ ಅಲ್ಲಿಂದ ಬಿಡುಗಡೆಯಾಗಿ ಟೆಕ್ಸಾಸಿನ ಆಶ್ರಯಧಾಮದಲ್ಲಿದ್ದು ೨೦೦೦ದಲ್ಲಿ ತೀರಿಕೊಂಡ. ಅವನ ಬದುಕಿನ ಸಾಕ್ಷ್ಯಚಿತ್ರ ತೆರೆಗೆ ಬಂದದ್ದೂ ಸೀಸರನ ಕಥೆ ಬಂದ ೨೦೧೧ರಲ್ಲಿಯೇ. ಎರಡನ್ನೂ ಒಂದರ ಹಿಂದೊಂದು ನೋಡಿದಾಗ, ಕಥೆಗಿಂತ ನಡೆದದ್ದೇ ಹೆಚ್ಚು ಕಠೋರವೆನಿಸಿತು. ವಾಕ್ಯ ಕಟ್ಟಲಾರದವನಿಗೆ ಕೃತಜ್ಞತೆಯ ಋಣವೂ ಸಲ್ಲುವುದಿಲ್ಲವೇ?

೨೦೧೪ರ ಚಿತ್ರದಲ್ಲಿ ಒಂದು ಸಣ್ಣ ದೃಶ್ಯವಿದೆ. ಮನುಷ್ಯರು ತಮ್ಮ ಕೆಲಸ ಮುಗಿಸಿಕೊಂಡು ಹೋಗಲಿ ಎಂದು ಸೀಸರ್ ಹೇಳಿದಾಗ, ಪ್ರಯೋಗಾಲಯದಲ್ಲಿ ಬೆಳೆದ ಕೋಬಾ ತನ್ನ ಮೈಮೇಲಿನ ಗಾಯದ ಕಲೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿ, ಇದೇ ಮನುಷ್ಯರ ಕೆಲಸ ಎನ್ನುತ್ತಾನೆ. ಕಾಯಕ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಬಳಸುವ ನಾನು ಅಲ್ಲಿ ಚಿತ್ರವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವಾನರ ವಾನರನನ್ನು ಕೊಲ್ಲಕೂಡದೆಂಬುದು ಸೀಸರ್ ಹಾಕಿಕೊಟ್ಟ ಕಟ್ಟಳೆ. ಅದನ್ನು ಮೊದಲು ಮುರಿಯುವವನು ಈ ಕೋಬಾ. ಎರಡನೆಯವನು, ಅವನನ್ನು ಎತ್ತರದಿಂದ ಕೈಬಿಡುವ ಸೀಸರ್. ಕೈಬಿಡುವ ಮುನ್ನ, ನೀನು ವಾನರನೇ ಅಲ್ಲ ಎಂದು ಹೇಳಿ ತನ್ನ ಕಟ್ಟಳೆಗೆ ತಾನೇ ಕಿಂಡಿ ಕೊರೆದುಕೊಳ್ಳುತ್ತಾನೆ. ಯಾರನ್ನಾದರೂ ಕೊಲ್ಲುವ ಮೊದಲು ಅವನನ್ನು ಕುಲದಿಂದ ಹೊರಹಾಕುವ ಈ ಉಪಾಯ ಎಷ್ಟು ಹಳೆಯದು!

೨೦೧೭ರ ಚಿತ್ರದಲ್ಲಿ ರೋಗವೊಂದು ಮನುಷ್ಯರ ಮಾತನ್ನು ಕಸಿದುಕೊಳ್ಳುತ್ತದೆ. ಮಾತು ಹೋದವನು ಮನುಷ್ಯನಲ್ಲವೆಂದು ನಂಬಿದ ಸೇನಾನಿ ತನ್ನ ಮಗನನ್ನೇ ಕೊಂದಿರುತ್ತಾನೆ. ಅದೇ ರೋಗದಿಂದ ಮೂಕಳಾದ ಪುಟ್ಟ ಹುಡುಗಿಯೊಬ್ಬಳು ಪಂಜರದಲ್ಲಿ ಬಾಯಾರಿದ ಸೀಸರನಿಗೆ ನೀರು ತಂದು ಕುಡಿಸುತ್ತಾಳೆ. ನುಡಿಯನ್ನೇ ದೈವವಾಗಿ ಕಂಡ ಶರಣರ ಪರಂಪರೆಯವರಿಗೆ ಈ ಎರಡು ದೃಶ್ಯಗಳನ್ನು ಒಟ್ಟಿಗೆ ನೋಡುವುದು ಒಳ್ಳೆಯ ಅಭ್ಯಾಸ.

ಮಾಲಿಕೆಯ ೨೦೨೪ರ ಚಿತ್ರದಲ್ಲಿ ಸೀಸರ್ ಸತ್ತು ಹಲವು ತಲೆಮಾರುಗಳು ಕಳೆದಿವೆ. ಪ್ರಾಕ್ಸಿಮಸ್ ಎಂಬ ಅರಸ ಅವನ ಹೆಸರನ್ನೇ ಬಿರುದಾಗಿ ಧರಿಸಿ, ಒಗ್ಗಟ್ಟನ್ನು ಕುರಿತ ಅವನ ಮಾತನ್ನೇ ಘೋಷಣೆಯಾಗಿ ಕೂಗಿಸುತ್ತ ದುರ್ಬಲರನ್ನು ಬಿಟ್ಟಿ ದುಡಿಸುತ್ತಿದ್ದಾನೆ. ರಾಕಾ ಎಂಬ ಒಂಟಿ ಒರಾಂಗುಟಾನ್ ಮಾತ್ರ ಹಳೆಯ ಪುಸ್ತಕಗಳ ನಡುವೆ ಕುಳಿತು ಸೀಸರನ ಮಾತುಗಳ ನಿಜವಾದ ಅರ್ಥವನ್ನು ಕಾಪಾಡಿಕೊಂಡಿದ್ದಾನೆ. ಊರೂರು ಅಲೆದು ಮನೆಗಳ ಅಟ್ಟದಿಂದ ತಾಡವೋಲೆಗಳನ್ನು ಇಳಿಸಿ ತಂದು ವಚನಗಳನ್ನು ಉಳಿಸಿಕೊಟ್ಟ ಫ. ಗು. ಹಳಕಟ್ಟಿಯವರ ಭಾವಚಿತ್ರ ಆಗ ನನ್ನ ಕಣ್ಣಮುಂದೆ ಬಂತು. ರಾಕಾ ನಡುದಾರಿಯಲ್ಲಿಯೇ ನದಿಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತಾನೆ. ಅವನು ಧರಿಸಿದ್ದ ಸೀಸರನ ಲಾಂಛನ ನೋವಾ ಎಂಬ ತರುಣ ಚಿಂಪಾಂಜಿಯ ಕೈಸೇರುತ್ತದೆ. ಕೊನೆಯಲ್ಲಿ, ಮಾತು ಉಳಿಸಿಕೊಂಡಿರುವ ಮಾನವ ಯುವತಿ ಮೇ, ನೋವಾನಿಂದ ಬೀಳ್ಕೊಳ್ಳಲು ಬರುತ್ತಾಳೆ. ಅವನು ಆ ಲಾಂಛನವನ್ನು ಅವಳಿಗೆ ಕೊಡುತ್ತಾನೆ. ಅವಳು ಒಂದು ಕೈಯಿಂದ ಅದನ್ನು ತೆಗೆದುಕೊಳ್ಳುತ್ತಾಳೆ. ಬೆನ್ನ ಹಿಂದೆ ಮರೆಮಾಡಿದ ಇನ್ನೊಂದು ಕೈಯಲ್ಲಿ ಪಿಸ್ತೂಲಿದೆ.